ನಾಲ್ಕು ಕುದುರೆಗಳೊಂದಿಗೆ ಶೋ ಜಂಪಿಂಗ್ ಸ್ಪರ್ಧೆಗೆ: ಲಾಯದಿಂದ ಅಂಕಣದವರೆಗಿನ ಸಿದ್ಧತೆ

ಶೋ ಜಂಪಿಂಗ್, ಅಂದರೆ ಅಂಕಣದಲ್ಲಿ ನಿಲ್ಲಿಸಿದ ತಡೆಗಳನ್ನು ಬೀಳಿಸದೆ ಕುದುರೆಯಿಂದ ಹಾರಿಸುವ ಸ್ಪರ್ಧೆಗೆ ಒಂದು ಕುದುರೆಯೊಂದಿಗೆ ಹೋದಾಗ ಸವಾರನ ಇಡೀ ದಿನ ಆ ಕುದುರೆಗೇ ಮೀಸಲಾಗಿರುತ್ತದೆ. ನಾಲ್ಕು ಕುದುರೆಗಳೊಂದಿಗೆ ಹೋದಾಗ ಒಂದು ಅಂಕಣದೊಳಗೆ ಓಡುತ್ತಿರುತ್ತದೆ, ಇನ್ನೊಂದಕ್ಕೆ ವಾರ್ಮ್‌ಅಪ್ ಆಗಬೇಕಿರುತ್ತದೆ, ಮೂರನೆಯದಕ್ಕೆ ಜೀನು ಬಿಗಿಯಬೇಕಿರುತ್ತದೆ, ಜೊತೆಗಾರರೆಲ್ಲ ಹೊರಟುಹೋದರೆಂದು ನಾಲ್ಕನೆಯದು ಲಾಯದಲ್ಲಿ ಕೆನೆಯುತ್ತಾ ಸುತ್ತುತ್ತಿರುತ್ತದೆ. ಇಂಥ ದಿನಗಳಲ್ಲಿ ಸೋಲು ಬರುವುದು ಹೆಚ್ಚಾಗಿ ಜಿಗಿತದಲ್ಲಿ ಅಲ್ಲ, ಸಮಯದ ಹಂಚಿಕೆಯಲ್ಲಿ ಎಂಬುದು ಹಲವು ವರ್ಷ ಚಿಕ್ಕದೊಂದು ಲಾಯ ನಡೆಸಿದ ನನ್ನ ಅನುಭವ. ಪ್ರತಿ ಕುದುರೆಗೂ ಅದರದೇ ಆದ ಒಂದು ಪೂರ್ಣ ದಿನವನ್ನು ಕೊಡುವುದು ಹೇಗೆ ಎಂಬುದನ್ನು, ಬೆಂಗಳೂರಿನ ಸುತ್ತಮುತ್ತ ನಡೆಯುವ ಸ್ಪರ್ಧೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ನಡೆಯುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಯಾವ ಕುದುರೆಗೆ ಯಾವ ಎತ್ತರ

ಸ್ಪರ್ಧೆಗೆ ಎರಡು ತಿಂಗಳಿರುವಾಗಲೇ ಈ ನಿರ್ಧಾರ ಆಗಿರಬೇಕು. ಕುದುರೆ ತನ್ನ ಲಾಯದಲ್ಲಿ ಸಲೀಸಾಗಿ, ಉಸಿರು ಕೆಡದೆ ದಾಟುವ ಎತ್ತರಕ್ಕಿಂತ 10 ಸೆಂಟಿಮೀಟರ್ ಕಡಿಮೆಯ ವಿಭಾಗಕ್ಕೆ ಅದನ್ನು ನೋಂದಾಯಿಸುವುದು ನಾನು ಪಾಲಿಸಿಕೊಂಡು ಬಂದ ನಿಯಮ. ಹೊಸ ಜಾಗದ ಬಣ್ಣಗಳು, ಧ್ವನಿವರ್ಧಕ, ಬಾವುಟಗಳು, ಜನ, ಇವೆಲ್ಲ ಸೇರಿ ಆ 10 ಸೆಂಟಿಮೀಟರನ್ನು ನುಂಗಿಬಿಡುತ್ತವೆ.

ನಮ್ಮ ಕಡೆಯ ಲಾಯಗಳಲ್ಲಿ ರೇಸ್‌ನಿಂದ ನಿವೃತ್ತಿಯಾಗಿ ಬಂದ ಥರೋಬ್ರೆಡ್ ಕುದುರೆಗಳು ಬಹಳ. ಬೆಂಗಳೂರು ಮತ್ತು ಮೈಸೂರಿನಲ್ಲಿ ರೇಸ್ ಕೋರ್ಸ್‌ಗಳಿವೆ, ಟಿಪ್ಪುವಿನ ಕಾಲದ ಅಶ್ವದಳದೊಂದಿಗೆ ಹೆಸರು ಬೆಸೆದುಕೊಂಡ ಕುಣಿಗಲ್ ಸ್ಟಡ್ ಫಾರ್ಮ್ ಕೂಡ ಹತ್ತಿರದಲ್ಲೇ ಇದೆ, ಹೀಗಾಗಿ ಇದು ಸಹಜವೇ. ಈ ಕುದುರೆಗಳಿಗೆ ಧೈರ್ಯ, ವೇಗ, ಉದ್ದನೆಯ ಹೆಜ್ಜೆ ಹುಟ್ಟಿನಿಂದಲೇ ಬಂದಿರುತ್ತವೆ. ಆದರೆ ಜನಜಂಗುಳಿ ಮತ್ತು ಧ್ವನಿವರ್ಧಕದ ಸದ್ದನ್ನು ಕೇಳಿದೊಡನೆ ಅವುಗಳಿಗೆ ರೇಸಿನ ದಿನ ನೆನಪಾಗುತ್ತದೆ. ಅಂಥ ಕುದುರೆಯನ್ನು ಮೊದಲ ಸಲ ಹೊರಗೆ ಕರೆದೊಯ್ಯುವಾಗ ಸ್ಪರ್ಧೆಗೆ ಹೆಸರನ್ನೇ ಕೊಡದೆ, ಎರಡು ದಿನ ಅಲ್ಲಿಯ ಗದ್ದಲದಲ್ಲಿ ಸುಮ್ಮನೆ ನಡೆಸಿಕೊಂಡು ಬಂದರೆ, ಮುಂದಿನ ವರ್ಷವೆಲ್ಲ ಅದರ ಫಲ ಸಿಗುತ್ತದೆ. ಇದನ್ನು ದುಡ್ಡು ದಂಡ ಎಂದುಕೊಳ್ಳುವವರಿದ್ದಾರೆ. ನಾನು ಹಾಗೆ ಎಣಿಸುವುದಿಲ್ಲ.

ನಾಲ್ಕು ಕುದುರೆಗಳಿದ್ದರೆ ನಾಲ್ಕೂ ಒಂದೇ ವಿಭಾಗದಲ್ಲಿ ಇರದಂತೆ ನೋಡಿಕೊಳ್ಳಬೇಕು. ಬೆಳಗಿನ 90 ಸೆಂಟಿಮೀಟರ್ ವಿಭಾಗಕ್ಕೆ ಒಂದು, ಅದರ ನಂತರದ 1.10 ಮೀಟರ್ ವಿಭಾಗಕ್ಕೆ ಎರಡು, ಮಧ್ಯಾಹ್ನದ 1.20 ಮೀಟರ್ ವಿಭಾಗಕ್ಕೆ ಒಂದು ಎಂಬಂತೆ ಹರಡಿದರೆ ಒಬ್ಬ ಸವಾರ ಮತ್ತು ಇಬ್ಬರು ಸೈಸ್‌ಗಳು (ಕುದುರೆ ನೋಡಿಕೊಳ್ಳುವವರು) ದಿನವನ್ನು ಮರ್ಯಾದೆಯಿಂದ ನಿಭಾಯಿಸಬಹುದು. ಒಬ್ಬ ಸವಾರನಿಗೆ ಒಂದು ವಿಭಾಗದಲ್ಲಿ ಎಷ್ಟು ಕುದುರೆಗಳಿಗೆ ಅವಕಾಶವಿದೆ ಎಂಬುದು ಆಯೋಜಕರ ಪ್ರಕಟಣಾ ಪತ್ರದಲ್ಲಿ ಇರುತ್ತದೆ. ಅದನ್ನು ಓದದೆ ಹಣ ಕಟ್ಟಬಾರದು.

ಕಾಗದಪತ್ರ, ಲಸಿಕೆ, ರಕ್ತಪರೀಕ್ಷೆ

ಸವಾರ ಮತ್ತು ಕುದುರೆ ಇಬ್ಬರ ಹೆಸರೂ ಕುದುರೆ ಸವಾರಿಯ ರಾಷ್ಟ್ರೀಯ ಒಕ್ಕೂಟವಾದ ಈಕ್ವೆಸ್ಟ್ರಿಯನ್ ಫೆಡರೇಶನ್ ಆಫ್ ಇಂಡಿಯಾದಲ್ಲಿ ನೋಂದಣಿಯಾಗಿ, ಆ ವರ್ಷಕ್ಕೆ ನವೀಕರಣಗೊಂಡಿರಬೇಕು. ಪ್ರತಿ ಕುದುರೆಗೂ ಅದರ ಗುರುತಿನ ರೇಖಾಚಿತ್ರ ಮತ್ತು ಲಸಿಕೆಯ ದಾಖಲೆ ಇರುವ ಪಾಸ್‌ಪೋರ್ಟ್ ಬೇಕು. ಈಕ್ವೈನ್ ಇನ್‌ಫ್ಲುಯೆಂಜಾ (ಕುದುರೆಗಳ ಫ್ಲೂ) ಲಸಿಕೆಯ ವಿಷಯದಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐ ನಿಯಮ ಬಿಗಿಯಾಗಿದೆ: ಸ್ಪರ್ಧೆಯ ತಾಣಕ್ಕೆ ಬರುವ ದಿನಕ್ಕೆ ಮುಂಚಿನ 6 ತಿಂಗಳು ಮತ್ತು 21 ದಿನಗಳೊಳಗೆ ಬೂಸ್ಟರ್ ಆಗಿರಬೇಕು, ಆದರೆ ತಲುಪುವ ಮುಂಚಿನ 7 ದಿನಗಳಲ್ಲಿ ಲಸಿಕೆ ಹಾಕಿಸಿರಬಾರದು. ನಾಲ್ಕು ಕುದುರೆಗಳ ಲಸಿಕೆ ನಾಲ್ಕು ಬೇರೆ ಬೇರೆ ದಿನಾಂಕಗಳಲ್ಲಿದ್ದರೆ ಈ ಲೆಕ್ಕ ತಪ್ಪುವುದು ಖಂಡಿತ. ಎಲ್ಲವನ್ನೂ ಒಂದೇ ದಿನಕ್ಕೆ ಹೊಂದಿಸಿಕೊಳ್ಳುವುದೇ ಜಾಣತನ.

ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯನ್ನು ಕೊನೆಯ ವಾರಕ್ಕೆ ಬಿಡಬಾರದು. ಇದು 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಮನುಷ್ಯರಿಗೂ ಹರಡುವಂಥದ್ದು. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ಕೈಸೇರಲು ದಿನಗಳು ಹಿಡಿಯುತ್ತವೆ, ಮತ್ತು ವರದಿ ಇಲ್ಲದ ಒಂದು ಕುದುರೆಯಿಂದಾಗಿ ಇಡೀ ಲಾರಿ ಗೇಟಿನಲ್ಲೇ ನಿಲ್ಲಬೇಕಾಗಬಹುದು. ಇದರ ಜೊತೆಗೆ, ಕುದುರೆ ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರವನ್ನು 1978ರ ಪ್ರಾಣಿ ಸಾಗಣೆ ನಿಯಮಗಳು ಕೇಳುತ್ತವೆ.

ಔಷಧ ಮತ್ತು ಮೇವಿನ ಎಚ್ಚರ

ನಿಷೇಧಿತ ಪದಾರ್ಥಗಳೆಂದರೆ ಯಾರೋ ಬೇಕೆಂದೇ ಚುಚ್ಚುವ ಇಂಜೆಕ್ಷನ್ ಮಾತ್ರ ಎಂಬ ನಂಬಿಕೆ ತಪ್ಪು. 2008ರ ಒಲಿಂಪಿಕ್ಸ್‌ನ ಕುದುರೆ ಸವಾರಿ ಹಾಂಗ್‌ಕಾಂಗ್‌ನಲ್ಲಿ ನಡೆದಾಗ ಶೋ ಜಂಪಿಂಗ್‌ನ ನಾಲ್ಕು ಕುದುರೆಗಳ ದೇಹದಲ್ಲಿ ಕ್ಯಾಪ್ಸೈಸಿನ್ ಪತ್ತೆಯಾಯಿತು. ನಾರ್ವೆ ತಂಡ ತನ್ನ ಕಂಚಿನ ಪದಕವನ್ನೇ ಕಳೆದುಕೊಂಡಿತು. ಕ್ಯಾಪ್ಸೈಸಿನ್ ಎಂದರೆ ಮೆಣಸಿನಕಾಯಿಯ ಖಾರದ ಅಂಶ. ಹಲವು ನೋವಿನ ಮುಲಾಮುಗಳಲ್ಲಿ ಅದು ಇರುತ್ತದೆ. ಆದ್ದರಿಂದ ಸೈಸ್ ತನ್ನ ಸೊಂಟಕ್ಕೆ ಮುಲಾಮು ತಿಕ್ಕಿಕೊಂಡರೆ ಕೈ ತೊಳೆದ ಮೇಲೆಯೇ ಕುದುರೆಯನ್ನು ಮುಟ್ಟಬೇಕು, ಮಿರ್ಚಿ ಬಜ್ಜಿ ತಿಂದ ಕೈಯಲ್ಲಿ ಕಡಿವಾಣ ಹಾಕಬಾರದು. ಟೀ ಮತ್ತು ಚಾಕೊಲೇಟ್‌ನಲ್ಲಿರುವ ಕೆಫೀನ್, ಥಿಯೋಬ್ರೋಮಿನ್‌ಗಳೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಪ್ರೀತಿಯಿಂದ ಟೀಯಲ್ಲಿ ಅದ್ದಿದ ಬಿಸ್ಕತ್ತು ಕೊಡುವ ಅಭ್ಯಾಸ ನಮ್ಮ ಲಾಯಗಳಲ್ಲಿ ಇದೆ. ಇದನ್ನು ಗದರಿಸಿ ನಿಲ್ಲಿಸಲಾಗದು. ಕೂರಿಸಿಕೊಂಡು ಕಾರಣ ವಿವರಿಸಿದರೆ ಅವರೇ ನಿಲ್ಲಿಸುತ್ತಾರೆ.

ಮೇವಿನಲ್ಲಿ ಒಂದೇ ಮಾತು: ಸ್ಪರ್ಧೆಯ ವಾರದಲ್ಲಿ ಏನನ್ನೂ ಬದಲಿಸಬಾರದು. ಬೇಯಿಸಿದ ಹುರುಳಿ ತಿನ್ನುವ ಕುದುರೆಗೆ ಹುರುಳಿಯೇ, ಓಟ್ಸ್ ಮತ್ತು ಬೂಸಾ ತಿನ್ನುವುದಕ್ಕೆ ಅದೇ, ಒಣಹುಲ್ಲು ಕೂಡ ನಮ್ಮ ಲಾಯದ್ದೇ ಲಾರಿಯಲ್ಲಿ ಬರಬೇಕು. ಸ್ಪರ್ಧೆಯ ತಾಣದ ಬಳಿ ಹಸಿಹಸಿಯಾದ ಕುದುರೆ ಮಸಾಲೆ ಸೊಪ್ಪು ಮಾರಾಟಕ್ಕೆ ಸಿಕ್ಕಿತೆಂದು ಒಮ್ಮೆಗೇ ಹೊರೆಗಟ್ಟಲೆ ಹಾಕಿದರೆ ರಾತ್ರಿ ಹೊಟ್ಟೆಶೂಲೆಯ ಭಯ ಕಾದಿರುತ್ತದೆ. ಕುದುರೆಗೆ ವಾಂತಿ ಮಾಡುವ ಶಕ್ತಿ ಇಲ್ಲ ಎಂಬುದನ್ನು ಮರೆಯಬಾರದು. ಒಳಗೆ ಹೋದದ್ದು ಕರುಳನ್ನು ದಾಟಿಯೇ ಹೊರಬರಬೇಕು.

ಪ್ರಯಾಣ

ಲಾರಿಗೆ ಹತ್ತಿಸುವಾಗ ಅನುಭವಿ ಕುದುರೆ ಮೊದಲು ಹೋಗಬೇಕು, ಅಂಜುಬುರುಕ ಕುದುರೆ ಅದರ ಬೆನ್ನಿಗೆ, ಹೆಣ್ಣು ಕುದುರೆ ಮತ್ತು ಬೀಜದ ಕುದುರೆಗಳ ನಡುವೆ ಅಂತರ ಇರಬೇಕು. ಹೊಸ ಕುದುರೆಯನ್ನು ಸ್ಪರ್ಧೆಯ ದಿನವೇ ಮೊದಲ ಬಾರಿಗೆ ಲಾರಿ ಹತ್ತಿಸುವುದು ದೊಡ್ಡ ತಪ್ಪು. ಎರಡು ವಾರ ಮುಂಚಿನಿಂದ ಲಾರಿಯನ್ನು ಅಂಗಳದಲ್ಲಿ ನಿಲ್ಲಿಸಿ, ಒಳಗೆ ಹುಲ್ಲು ಹಾಕಿ, ಹತ್ತಿ ಇಳಿಯುವುದನ್ನು ಅಭ್ಯಾಸ ಮಾಡಿಸಬೇಕು.

ದೂರದ ಪ್ರಯಾಣದಲ್ಲಿ ತಲೆಯನ್ನು ಎತ್ತಿ ಬಿಗಿಯಾಗಿ ಕಟ್ಟಿದರೆ ಕುದುರೆ ಶ್ವಾಸನಾಳದ ಕೊಳೆಯನ್ನು ಹೊರಹಾಕಲಾರದು, ಏಕೆಂದರೆ ಅದು ತಲೆ ತಗ್ಗಿಸಿದಾಗಲೇ ಕಫ ಹರಿಯುವುದು. ದಿನಗಳ ನಂತರ ಬರುವ ಜ್ವರ ಮತ್ತು ಶ್ವಾಸಕೋಶದ ಸೋಂಕಿಗೆ ಇದು ಬಹುಮುಖ್ಯ ಕಾರಣ. ಸುಮಾರು ನಾಲ್ಕು ಗಂಟೆಗೊಮ್ಮೆ ಲಾರಿಯನ್ನು ನೆರಳಿನಲ್ಲಿ ನಿಲ್ಲಿಸಿ, ಹಗ್ಗ ಸಡಿಲಿಸಿ, ತಲೆ ತಗ್ಗಿಸಲು ಬಿಟ್ಟು, ನೀರು ತೋರಿಸಬೇಕು.

ನೀರಿನ ವಿಷಯದಲ್ಲಿ ನಾನೇ ಒಮ್ಮೆ ಪಾಠ ಕಲಿತಿದ್ದೇನೆ. ಊರಿನ ಬೋರ್‌ವೆಲ್ ನೀರು ಕುಡಿದು ಬೆಳೆದ ಒಂದು ಕುದುರೆ, ತಾಣದಲ್ಲಿ ಟ್ಯಾಂಕರ್ ನೀರಿನ ಬಕೆಟ್ಟಿಗೆ ಮೂತಿಯನ್ನೇ ಇಡಲಿಲ್ಲ. ಸಂಜೆ ನಮ್ಮ ಹಿರಿಯ ಸೈಸ್ ಬಂದು, "ಸಾರ್, ಬೆಳಿಗ್ಗೆ ತುಂಬಿದ ಬಕೆಟ್ಟು ಹಾಗೇ ಇದೆ, ಲದ್ದಿನೂ ಗಟ್ಟಿಯಾಗಿ ಬೀಳ್ತಾ ಇದೆ" ಎಂದು ಹೇಳದೇ ಹೋಗಿದ್ದರೆ ನಾನು ಗಮನಿಸುತ್ತಿರಲಿಲ್ಲ, ಏಕೆಂದರೆ ನನ್ನ ಕಣ್ಣೆಲ್ಲ ಮರುದಿನದ ಸ್ಪರ್ಧೆಯ ಪಟ್ಟಿಯ ಮೇಲಿತ್ತು. ನೀರಿಗೆ ಒಂದಿಷ್ಟು ಬೆಲ್ಲ ಕರಗಿಸಿ ಕೊಟ್ಟಾಗ ರಾತ್ರಿ ಹತ್ತು ಗಂಟೆಗೆ ಅದು ಕುಡಿಯಿತು. ಅಂದಿನಿಂದ ಹೊರಡುವ ಒಂದು ವಾರ ಮುಂಚೆಯೇ ಎಲ್ಲ ಕುದುರೆಗಳಿಗೂ ಬೆಲ್ಲದ ನೀರಿನ ರುಚಿ ಹತ್ತಿಸುತ್ತೇವೆ. ಹೊಸ ಜಾಗದಲ್ಲೂ ಅದೇ ರುಚಿ ಸಿಕ್ಕರೆ ಕುಡಿಯುತ್ತವೆ. ಪ್ರತಿ ಬಕೆಟ್ಟಿನ ಮೇಲೆ ಕುದುರೆಯ ಹೆಸರು ಬರೆದಿರಬೇಕು, ಯಾರು ಎಷ್ಟು ಕುಡಿದರೆಂದು ಲೆಕ್ಕವಿರಬೇಕು. ಬೆಚ್ಚಗಿನ ದಿನ ಕೆಲಸ ಮಾಡುವ ಕುದುರೆಗೆ 40 ಲೀಟರ್ ನೀರು ಹೆಚ್ಚೇನಲ್ಲ.

ತಾಣ ತಲುಪಿದ ಮೊದಲ ಸಂಜೆ

ಲಾಯದ ಒಳಗೆ ಕುದುರೆಯನ್ನು ಬಿಡುವ ಮುನ್ನ ಗೋಡೆ, ಬಾಗಿಲು, ನೆಲವನ್ನು ಅಂಗೈಯಿಂದ ಸವರಿ ಮೊಳೆ, ತಂತಿ ಇವೆಯೇ ಎಂದು ನೋಡಬೇಕು. ಜಗಳವಾಡುವ ಕುದುರೆಗಳನ್ನು ಅಕ್ಕಪಕ್ಕ ಕಟ್ಟಬಾರದು. ಒಂಟಿಯಾದರೆ ಕಂಗಾಲಾಗುವ ಕುದುರೆಯನ್ನು ನಡುವಿನ ಕೋಣೆಯಲ್ಲಿಡಬೇಕು. ಒಂದು ಗಂಟೆ ಬಿಟ್ಟು ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಅರ್ಧ ಗಂಟೆ ನಡೆಸಿ, ಅಂಕಣದ ಸುತ್ತ ತೋರಿಸಿ, ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ (ನಡಿಗೆಗಿಂತ ಚುರುಕಾದ ಓಟ) ಮಾಡಿಸಿ ಕುಂಟು ಇದೆಯೇ ಎಂದು ಪರೀಕ್ಷಿಸಬೇಕು.

ಮರುದಿನ ಬೆಳಿಗ್ಗೆ ಕೆಲಸ ಆರಂಭಿಸುವ ಮುನ್ನ ಪ್ರತಿ ಕುದುರೆಯ ಉಷ್ಣಾಂಶ ಮತ್ತು ನಾಡಿಯನ್ನು ಬರೆದಿಡಬೇಕು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಷ್ಣಾಂಶ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಪ್ರಯಾಣದ ಮರುದಿನ 38.5ಕ್ಕಿಂತ ಹೆಚ್ಚಿದ್ದರೆ ಆ ಕುದುರೆಗೆ ಅಂದು ಜೀನು ಹಾಕುವ ಮಾತೇ ಬೇಡ, ನೇರವಾಗಿ ಪಶುವೈದ್ಯರನ್ನು ಕರೆಯಬೇಕು. ನಾಲ್ಕರಲ್ಲಿ ಒಂದು ಕುದುರೆ ಸ್ವಲ್ಪ ಮಂಕಾಗಿದ್ದರೆ ಗದ್ದಲದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಥರ್ಮಾಮೀಟರ್‌ಗೆ ಬೀಳುತ್ತದೆ.

ಸಮಯದ ಹಾಳೆ

ಸರದಿಪಟ್ಟಿ ಕೈಗೆ ಬಂದ ಕೂಡಲೇ ಕೂತು ಲೆಕ್ಕ ಹಾಕಬೇಕು. ಒಂದು ಸುತ್ತಿಗೆ ಒಳಬರುವುದು, ಹೊರಹೋಗುವುದು ಸೇರಿ ಸುಮಾರು 2 ನಿಮಿಷ ಎಂದಿಟ್ಟುಕೊಳ್ಳಿ. 1.10 ಮೀಟರ್ ವಿಭಾಗ ಬೆಳಿಗ್ಗೆ 8ಕ್ಕೆ ಆರಂಭ, ನಿಮ್ಮ ಮೊದಲ ಕುದುರೆಯದು 6ನೇ ಸರದಿ, ಎರಡನೆಯದು 19ನೇ ಸರದಿ ಎನ್ನೋಣ. ಮೊದಲನೆಯದು 8.10ರ ಹೊತ್ತಿಗೆ ಅಂಕಣಕ್ಕೆ ಹೋಗಿ 8.12ಕ್ಕೆ ಹೊರಬರುತ್ತದೆ, ಎರಡನೆಯದು 8.36ಕ್ಕೆ ಒಳಗೆ ಹೋಗಬೇಕು. ನಡುವೆ ಸಿಗುವುದು 24 ನಿಮಿಷ. ಎರಡನೆಯ ಕುದುರೆಗೆ 15 ನಿಮಿಷ ನಡಿಗೆ ಮತ್ತು 20 ನಿಮಿಷ ಟ್ರಾಟ್, ಕ್ಯಾಂಟರ್ (ಅದಕ್ಕಿಂತ ವೇಗದ, ನೆಗೆಯುವ ಓಟ), ಜಿಗಿತ ಬೇಕೆಂದಾದರೆ ಈ ಲೆಕ್ಕ ಹೊಂದುವುದಿಲ್ಲ. ಆದ್ದರಿಂದ ನಡಿಗೆಯ ಭಾಗವನ್ನು ಸಹಾಯಕ ಸವಾರರಾಗಲಿ ಸೈಸ್ ಆಗಲಿ 8 ಗಂಟೆಯಿಂದಲೇ ಮಾಡಿಸುತ್ತಿರಬೇಕು, ನೀವು ಮೊದಲ ಕುದುರೆಯಿಂದ ಇಳಿದ ಕೂಡಲೇ ಬೆಚ್ಚಗಾಗಿರುವ ಎರಡನೆಯದನ್ನು ಏರಬೇಕು.

ಇಲ್ಲೊಂದು ಮುಖ್ಯ ಸೂಕ್ಷ್ಮವಿದೆ. ಹಾಳೆಯಲ್ಲಿ ಗಡಿಯಾರದ ಸಮಯದ ಬದಲು, ನಿಮಗಿಂತ ಮುಂಚೆ ಇನ್ನೆಷ್ಟು ಕುದುರೆಗಳಿವೆ ಎಂಬ ಎಣಿಕೆಯನ್ನೇ ಬರೆಯಬೇಕು. ಮೂವರು ಸವಾರರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರೆ ನಿಮ್ಮ ಸರದಿ 6 ನಿಮಿಷ ಮುಂಚೆ ಬರುತ್ತದೆ. ಯಾರಾದರೂ ಬಿದ್ದು ತಡೆಗಳನ್ನು ಮತ್ತೆ ಕಟ್ಟಬೇಕಾದರೆ ಹತ್ತು ನಿಮಿಷ ತಡವಾಗುತ್ತದೆ. "ಮುಂದೆ 20 ಇರುವಾಗ ಜೀನು, 16 ಇರುವಾಗ ನಡಿಗೆ, 8 ಇರುವಾಗ ಕ್ಯಾಂಟರ್, 4 ಇರುವಾಗ ಕೊನೆಯ ಎರಡು ಜಿಗಿತ" ಎಂದು ಬರೆದ ಹಾಳೆಯನ್ನು ಲಾಯದ ಬಾಗಿಲಿಗೆ ಅಂಟಿಸಿದರೆ, ಸಮಯ ಹಿಂದೆ ಮುಂದೆ ಆದರೂ ಕೆಲಸ ತಪ್ಪುವುದಿಲ್ಲ. ಅಂಕಣದ ಬಾಗಿಲಲ್ಲಿ ನಿಂತು ಈ ಎಣಿಕೆಯನ್ನು ಫೋನಿನಲ್ಲಿ ಹೇಳುತ್ತಿರಲು ಒಬ್ಬರನ್ನು ನೇಮಿಸಬೇಕು, ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು.

ಎರಡು ಕುದುರೆಗಳ ಸರದಿ ತೀರ ಹತ್ತಿರ ಬಂದಿದ್ದರೆ ಹಿಂದಿನ ಸಂಜೆಯೇ ಕಾರ್ಯದರ್ಶಿಯ ಕಚೇರಿಗೆ ಹೋಗಿ ವಿನಯದಿಂದ ಅಂತರ ಕೇಳಿಕೊಳ್ಳಬೇಕು. ಒಮ್ಮೆ ನಾನು ಸಂಕೋಚದಿಂದ ಕೇಳದೆ, ನಡುವೆ ನಾಲ್ಕೇ ಕುದುರೆಗಳ ಅಂತರದಲ್ಲಿ ಒಂದರಿಂದ ಇಳಿದು ಇನ್ನೊಂದನ್ನು ಏರಿ, ಹೊಟ್ಟೆಪಟ್ಟಿಯನ್ನು ಎರಡನೇ ಸಲ ಬಿಗಿಯದೆ ಒಳಗೆ ಹೋದೆ. ಮೂರನೇ ತಡೆಯ ತಿರುವಿನಲ್ಲಿ ಜೀನು ಪಕ್ಕಕ್ಕೆ ಜಾರಿತು. ಕುದುರೆ ಒಳ್ಳೆಯದು, ತಾನಾಗಿ ನಿಂತಿತು, ಆದರೆ ಆ ಕುದುರೆ ಮಾಡದ ತಪ್ಪಿಗೆ ಅದರ ಹೆಸರಿನ ಮುಂದೆ ದಂಡಾಂಕ ಬಿತ್ತು.

ಕೋರ್ಸನ್ನು (ತಡೆಗಳ ಹಾದಿಯನ್ನು) ನಡೆದು ನೋಡುವುದು

ಸ್ಪರ್ಧೆಗೆ ಮುನ್ನ ಸವಾರರು ಕಾಲ್ನಡಿಗೆಯಲ್ಲಿ ಅಂಕಣವನ್ನು ಸುತ್ತಿ ನೋಡಲು ಅವಕಾಶವಿರುತ್ತದೆ. ಮೊದಲು ಬಾಗಿಲ ಬಳಿ ಅಂಟಿಸಿರುವ ನಕ್ಷೆಯಿಂದ ತಡೆಗಳ ಕ್ರಮ, ಕೋರ್ಸಿನ ಉದ್ದ, ನಿಗದಿತ ವೇಗ, ಜಂಪ್‌ಆಫ್‌ನ (ಸಮಬಲವಾದರೆ ನಡೆಯುವ ನಿರ್ಣಾಯಕ ಸುತ್ತಿನ) ತಡೆಗಳನ್ನು ಬರೆದುಕೊಳ್ಳಬೇಕು. ಕೋರ್ಸ್ 420 ಮೀಟರ್, ವೇಗ ನಿಮಿಷಕ್ಕೆ 350 ಮೀಟರ್ ಎಂದಿದ್ದರೆ ಸಿಗುವ ಸಮಯ 72 ಸೆಕೆಂಡು. ಅದನ್ನು ಮೀರಿದರೆ ದಂಡಾಂಕ, ಅದರ ಎರಡು ಪಟ್ಟು ಮೀರಿದರೆ ಸ್ಪರ್ಧೆಯಿಂದ ಹೊರಗೆ.

ಇನ್ನು ಹೆಜ್ಜೆ ಎಣಿಸುವ ಕೆಲಸ. ಸವಾರರು ತಮ್ಮ ಒಂದು ಹೆಜ್ಜೆ ಸರಿಯಾಗಿ 90 ಸೆಂಟಿಮೀಟರ್ ಬರುವಂತೆ ಮನೆಯಲ್ಲೇ ಟೇಪು ಹಾಸಿ ರೂಢಿಸಿಕೊಂಡಿರಬೇಕು. ಅಂಥ ನಾಲ್ಕು ಹೆಜ್ಜೆ ಸೇರಿದರೆ ಕುದುರೆಯ ಕ್ಯಾಂಟರಿನ ಒಂದು ನೆಗೆತ, ಅಂದರೆ ಸುಮಾರು 3.6 ಮೀಟರ್. ತಡೆ ದಾಟಿ ಇಳಿಯಲು ಎರಡು ಹೆಜ್ಜೆ, ಮುಂದಿನದಕ್ಕೆ ಮೇಲೇಳಲು ಎರಡು ಹೆಜ್ಜೆ ಬಿಟ್ಟು ಉಳಿದದ್ದನ್ನು ನಾಲ್ಕರಿಂದ ಭಾಗಿಸಬೇಕು. ಎರಡು ತಡೆಗಳ ನಡುವೆ 8 ಹೆಜ್ಜೆ ಸಿಕ್ಕರೆ ಒಂದು ನೆಗೆತ, 12 ಸಿಕ್ಕರೆ ಎರಡು, 20 ಸಿಕ್ಕರೆ ನಾಲ್ಕು.

ಈಗ ಐದನೇ ತಡೆಯಾದ ವರ್ಟಿಕಲ್‌ನಿಂದ (ಕೋಲುಗಳು ಒಂದರ ಮೇಲೊಂದಿರುವ ನೇರ ತಡೆ) ಆರನೇ ತಡೆಯಾದ ಆಕ್ಸರ್‌ವರೆಗೆ (ಹಿಂದೆ ಮುಂದೆ ಕೋಲುಗಳಿರುವ ಅಗಲದ ತಡೆ) ನಡೆದಾಗ 22 ಹೆಜ್ಜೆ ಬಂದವು ಎನ್ನೋಣ. ನಾಲ್ಕನ್ನು ಕಳೆದರೆ 18, ಅಂದರೆ ನಾಲ್ಕೂವರೆ ನೆಗೆತ. ಅರ್ಧ ನೆಗೆತವನ್ನು ಯಾವ ಕುದುರೆಯೂ ಹಾಕಲಾರದು. ಕೋರ್ಸ್ ಡಿಸೈನರ್ ಇಲ್ಲಿ ಸವಾರನಿಗೆ ಪ್ರಶ್ನೆ ಕೇಳುತ್ತಿದ್ದಾರೆ. ಹಲವು ಕುದುರೆಗಳ ಸವಾರ ಇಲ್ಲಿ ನಿಂತು ಯೋಚಿಸಬೇಕು. ಉದ್ದ ಹೆಜ್ಜೆಯ ಥರೋಬ್ರೆಡ್‌ಗೆ ವರ್ಟಿಕಲ್‌ಗೆ ಬರುವಾಗಲೇ ವೇಗ ಕೊಟ್ಟು ನಾಲ್ಕು ನೆಗೆತದಲ್ಲಿ ದಾಟಿಸುವುದು ಸಹಜ. ತುಂಡು ಹೆಜ್ಜೆಯ, ದುಂಡಗೆ ಜಿಗಿಯುವ ಕುದುರೆಗೆ ಇಳಿದ ಕೂಡಲೇ ತಡೆದು, ಐದು ಚಿಕ್ಕ ನೆಗೆತ ಹಾಕಿಸಿ ಮೇಲೇಳಿಸಬೇಕು. ಮೊದಲ ಕುದುರೆಯ ಮೇಲೆ ನಾಲ್ಕು ಚೆನ್ನಾಗಿ ಬಂತೆಂದು ಎರಡನೆಯದರ ಮೇಲೂ ಅದನ್ನೇ ಪ್ರಯತ್ನಿಸಿದರೆ ಆಕ್ಸರಿನ ಹಿಂದಿನ ಕೋಲು ಬೀಳುವುದು ಬಹುತೇಕ ನಿಶ್ಚಿತ. ಆದ್ದರಿಂದ ನಾನು ಒಂದು ಕುದುರೆಗೆ ಒಂದು ಸುತ್ತಿನಂತೆ ಕೋರ್ಸನ್ನು ಎರಡು ಸಲ ಪೂರ್ತಿ ನಡೆಯುತ್ತೇನೆ. ಎರಡನೇ ಸುತ್ತಿನಲ್ಲಿ ಎರಡನೇ ಕುದುರೆಯ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ, ಅದರ ಕಿವಿಗಳ ನಡುವಿನಿಂದ ನೋಡುತ್ತಿರುವಂತೆ ಪ್ರತಿ ತಿರುವನ್ನೂ ನೋಡುತ್ತೇನೆ. ಬೆಳಗಿನ ಬಿಸಿಲು ಯಾವ ತಡೆಯ ಹಿಂದಿನಿಂದ ಕಣ್ಣಿಗೆ ಹೊಡೆಯುತ್ತದೆ, ಯಾವ ಮೂಲೆಯಲ್ಲಿ ಮರಳು ಆಳವಾಗಿದೆ, ಬಾಗಿಲ ಕಡೆಗೆ ಮುಖಮಾಡಿದ ತಡೆಗೆ ಕುದುರೆ ಎಷ್ಟು ಎಳೆಯುತ್ತದೆ ಎಂಬುದೆಲ್ಲ ಈ ಎರಡನೇ ಸುತ್ತಿನಲ್ಲೇ ಗೊತ್ತಾಗುವುದು.

ವಾರ್ಮ್‌ಅಪ್

ವಾರ್ಮ್‌ಅಪ್ ಅಂಕಣದಲ್ಲಿ ಕೆಂಪು ಬಾವುಟ ಬಲಕ್ಕೆ, ಬಿಳಿ ಬಾವುಟ ಎಡಕ್ಕೆ ಇರುವಂತೆ ಮಾತ್ರ ತಡೆ ದಾಟಬೇಕು. ಅಭ್ಯಾಸದ ತಡೆಯನ್ನು ಸ್ಪರ್ಧೆಯ ಎತ್ತರಕ್ಕಿಂತ ಬೇಕಾದಷ್ಟು ಏರಿಸುವಂತಿಲ್ಲ, 1.40 ಮೀಟರ್‌ವರೆಗಿನ ವಿಭಾಗಗಳಲ್ಲಿ ಎಫ್‌ಇಐ ಮಿತಿ 10 ಸೆಂಟಿಮೀಟರ್. ಸಾಮಾನ್ಯವಾಗಿ ಎಂಟರಿಂದ ಹತ್ತು ಜಿಗಿತ ಸಾಕು: ಒಂದೆರಡು ಅಡ್ಡಕತ್ತರಿ ತಡೆ, ಎರಡು ಮೂರು ವರ್ಟಿಕಲ್, ಎರಡು ಮೂರು ಆಕ್ಸರ್, ಕೊನೆಗೆ ಮತ್ತೊಂದು ವರ್ಟಿಕಲ್. ಬಿಸಿರಕ್ತದ ಕುದುರೆಗೆ ಹೆಚ್ಚು ನಡಿಗೆ, ಕಡಿಮೆ ಜಿಗಿತ. ಸೋಮಾರಿಗೆ ಚುರುಕಾದ ಕ್ಯಾಂಟರ್. ಚೆನ್ನಾದ ಜಿಗಿತ ಬಂದ ಕೂಡಲೇ ನಿಲ್ಲಿಸಬೇಕು. ಇನ್ನೊಂದು ಎಂದು ಆಸೆಪಟ್ಟು ಹಾಕಿಸಿದ ಜಿಗಿತವನ್ನು ಮಧ್ಯಾಹ್ನದ ಸುತ್ತಿನಿಂದ ಕಡ ತಂದಂತೆ.

ಅಂಕಣದೊಳಗೆ

ಗಂಟೆ ಬಾರಿಸಿದ ಮೇಲೆ ಸುತ್ತು ಆರಂಭಿಸಲು 45 ಸೆಕೆಂಡುಗಳ ಕಾಲಾವಕಾಶ ಇರುತ್ತದೆ. ಗಂಟೆಗೆ ಮುಂಚೆ ಆರಂಭದ ಗೆರೆ ದಾಟಿ ಮೊದಲ ತಡೆ ಹಾರಿದರೆ ಸ್ಪರ್ಧೆಯಿಂದ ಹೊರಗೆ. ಒಂದು ಕೋಲು ಬಿದ್ದರೆ 4 ದಂಡಾಂಕ, ಮೊದಲ ಸಲ ಕುದುರೆ ಹಾರಲು ನಿರಾಕರಿಸಿದರೆ 4, ಅಂತರರಾಷ್ಟ್ರೀಯ ನಿಯಮದಂತೆ ಎರಡನೇ ನಿರಾಕರಣೆಗೆ ಹೊರಗೆ. ಸವಾರನೋ ಕುದುರೆಯೋ ಬಿದ್ದರೂ ಹೊರಗೆ. ಆ 45 ಸೆಕೆಂಡನ್ನು ಅವಸರದಲ್ಲಿ ಕಳೆಯದೆ, ಕುದುರೆಗೆ ಭಯ ಹುಟ್ಟಿಸಬಹುದಾದ ತಡೆಯ ಪಕ್ಕದಲ್ಲಿ ಒಮ್ಮೆ ಸಮಾಧಾನದಿಂದ ಹಾದು ಹೋಗಲು ಬಳಸಬೇಕು.

ಮೊದಲ ಕುದುರೆಯ ಸುತ್ತು ಕೆಟ್ಟರೆ ಆ ಬೇಸರವನ್ನು ಎರಡನೆಯದರ ಬೆನ್ನಿಗೆ ಹೊತ್ತೊಯ್ಯಬಾರದು. ಇದು ಹೇಳಲು ಸುಲಭ, ಮಾಡಲು ಕಷ್ಟ. ನಾನು ಕಂಡುಕೊಂಡ ಉಪಾಯವೆಂದರೆ, ಇಳಿದ ಕೂಡಲೇ ಕೈಗವಸು ಮತ್ತು ಚಾಟಿಯನ್ನು ಬದಲಿಸುವುದು, ಒಂದು ಲೋಟ ನೀರು ಕುಡಿಯುವುದು, ಎರಡನೇ ಕುದುರೆಯ ಹಣೆ ಸವರಿ ನಂತರವೇ ಏರುವುದು. ಇದಕ್ಕೆ ಒಂದು ನಿಮಿಷ ಸಾಕು. ಸಮಯದ ಹಾಳೆಯಲ್ಲಿ ಆ ಒಂದು ನಿಮಿಷಕ್ಕೂ ಜಾಗ ಬಿಟ್ಟಿರಬೇಕು.

ತಂಡದ ಸ್ಪರ್ಧೆಯಿದ್ದರೆ ಸರದಿ ಹೇಗೆ

ದೇಶಗಳ ತಂಡಗಳು ಸೆಣಸುವ ನೇಷನ್ಸ್ ಕಪ್ ಮಾದರಿಯಲ್ಲಿ ನಾಲ್ವರು ಸವಾರರಿದ್ದು, ಪ್ರತಿ ಸುತ್ತಿನಲ್ಲಿ ಉತ್ತಮ ಮೂವರ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಹಾಗಾಗಿ ಒಬ್ಬರ ಕೆಟ್ಟ ಸುತ್ತು ತಂಡವನ್ನು ಮುಳುಗಿಸುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಿಂದ ಒಲಿಂಪಿಕ್ ತಂಡದಲ್ಲಿ ಮೂವರೇ ಇದ್ದಾರೆ, ಮೂವರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಸ್ವೀಡನ್ ಮತ್ತು ಅಮೆರಿಕ ತಲಾ 8 ದಂಡಾಂಕಗಳಲ್ಲಿ ಸಮವಾಗಿ, ಜಂಪ್‌ಆಫ್‌ನಲ್ಲಿ ಆರೂ ಕುದುರೆಗಳು ಒಂದು ಕೋಲನ್ನೂ ಬೀಳಿಸದೆ ಬಂದಾಗ, ಚಿನ್ನ ತೀರ್ಮಾನವಾದದ್ದು ಸಮಯದಿಂದ. ಸ್ವೀಡನ್ ಪರ ಕೊನೆಯವರಾಗಿ ಬಂದವರು ಪೆಡರ್ ಫ್ರೆಡ್ರಿಕ್ಸನ್ ಮತ್ತು ಅವರ ಕುದುರೆ ಆಲ್ ಇನ್. ಕೊನೆಯ ಸ್ಥಾನಕ್ಕೆ ಯಾರನ್ನಿಡಬೇಕೆಂದು ಕೇಳುವವರಿಗೆ ನಾನು ತೋರಿಸುವುದು ಈ ಉದಾಹರಣೆಯನ್ನೇ: ತಾನೇನು ಮಾಡಬೇಕೆಂದು ನಿಖರವಾಗಿ ಗೊತ್ತಿದ್ದು, ಆ ಭಾರದಲ್ಲೂ ಕೈ ನಡುಗದವರನ್ನು.

ಮೊದಲ ಸ್ಥಾನಕ್ಕೆ ನೆಚ್ಚಿಕೊಳ್ಳಬಹುದಾದ, ಏರಿಳಿತವಿಲ್ಲದ ಜೋಡಿ ಬೇಕು; ಅವರ ಸುತ್ತು ಉಳಿದವರಿಗೆಲ್ಲ ಕಣ್ಣು. ಹೊರಬಂದ ಕೂಡಲೇ ಅವರು ತಂಡದ ವ್ಯವಸ್ಥಾಪಕರಿಗೆ ಎರಡೇ ಮಾತು ಹೇಳಬೇಕು: ಯಾವ ಅಂತರ ನಡೆದಾಗ ಕಂಡದ್ದಕ್ಕಿಂತ ಬೇರೆಯಾಗಿ ಸವಾರಿಯಾಯಿತು, ಸಮಯ ಸಾಕಾಯಿತೇ. ಹೊಸ ಕುದುರೆಯನ್ನು ನಾಲ್ವರ ತಂಡದಲ್ಲಿ ಎರಡನೆಯದಾಗಿ ಇಡುವುದು ಒಳ್ಳೆಯದು, ಏಕೆಂದರೆ ಅಷ್ಟರಲ್ಲಿ ದಾರಿ ತಿಳಿದಿರುತ್ತದೆ, ಫಲಿತಾಂಶದ ಭಾರ ಇನ್ನೂ ಮೈಮೇಲೆ ಬಂದಿರುವುದಿಲ್ಲ.

ಸುತ್ತಿನ ನಂತರ

ಬಹುಮಾನ ವಿತರಣೆಯ ಗಡಿಬಿಡಿಯಲ್ಲಿ ಮರೆತುಹೋಗುವ ಭಾಗ ಇದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕುದುರೆಯನ್ನು ಕಟ್ಟಿಹಾಕಿ ಹೋಗಬಾರದು. ಹೊಟ್ಟೆಪಟ್ಟಿ ಎರಡು ರಂಧ್ರ ಸಡಿಲಿಸಿ, ಉಸಿರು ಹತೋಟಿಗೆ ಬರುವವರೆಗೆ ನಡೆಸಬೇಕು. ಬೆವರಿದ ಕುದುರೆಗೆ ತಣ್ಣೀರು ಹಾಕಬಾರದು, ಬಿಸಿಯಾಗಿರುವಾಗ ನೀರು ಕುಡಿಸಬಾರದು ಎಂಬ ಮಾತು ನಮ್ಮ ಲಾಯಗಳಲ್ಲಿ ತಲೆಮಾರುಗಳಿಂದ ಬಂದಿದೆ. ಹಿರಿಯರು ಹೇಳಿದ್ದೆಂದು ಗೌರವವಿದ್ದರೂ ಇದನ್ನು ಬಿಡಬೇಕಾಗಿದೆ. ಬಿಸಿ ದೇಶಗಳಲ್ಲಿ ನಡೆದ ದೊಡ್ಡ ಸ್ಪರ್ಧೆಗಳಲ್ಲೆಲ್ಲ ಪಶುವೈದ್ಯರು ಕುದುರೆಯ ಮೈತುಂಬ ತಣ್ಣೀರನ್ನು ಎಡೆಬಿಡದೆ ಸುರಿಸಿಯೇ ತಂಪು ಮಾಡುತ್ತಾರೆ. ಕತ್ತು, ಎದೆ, ತೊಡೆಗಳ ಮೇಲೆ ನೀರು ಸುರಿಯುತ್ತಾ ನಡೆಸಬೇಕು, ನಡುನಡುವೆ ಕುಡಿಯಲು ಬಿಡಬೇಕು. ಹತ್ತು ಹದಿನೈದು ನಿಮಿಷದಲ್ಲಿ ನಾಡಿ 60ರ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಆ ಕುದುರೆಯ ಮಧ್ಯಾಹ್ನದ ಸುತ್ತನ್ನು ಬಿಟ್ಟುಬಿಡಬೇಕು, ಪ್ರವೇಶ ಶುಲ್ಕ ಹೋದರೂ ಸರಿ.

ನಂತರ ನಾಲ್ಕೂ ಕಾಲುಗಳನ್ನು ಮೊಣಕಾಲಿನಿಂದ ಗೊರಸಿನವರೆಗೆ ಅಂಗೈಯಲ್ಲಿ ಹಿಡಿದು ಇಳಿಸುತ್ತಾ ಬಿಸಿ, ಊತ, ನೋವು ನೋಡಬೇಕು. ಲಾಳ ಸಡಿಲವಾಗಿದೆಯೇ ಎಂದು ಅಲ್ಲಾಡಿಸಿ ನೋಡಬೇಕು. ಲಾಳ ಕಟ್ಟುವವರ ಫೋನ್ ಸಂಖ್ಯೆ ಸೈಸ್ ಬಳಿಯೂ ಇರಬೇಕು, ನಿಮ್ಮ ಫೋನು ಆ ಹೊತ್ತಿಗೆ ನಿಮ್ಮ ಜೇಬಿನಲ್ಲಿ, ನೀವು ಮೂರನೇ ಕುದುರೆಯ ಮೇಲೆ ಇರುತ್ತೀರಿ. ಸಂಜೆ ಕಾಲುಗಳಿಗೆ ತಂಪು ಕೊಟ್ಟು, ಹುಲ್ಲು ಹಾಕಿ, ನಂತರವೇ ಧಾನ್ಯ ಕೊಡಬೇಕು. ಸೈಸ್‌ಗಳ ಊಟ ನಿಮ್ಮ ಊಟಕ್ಕಿಂತ ಮುಂಚೆ ಆಗಬೇಕು. ಬೆಳಗಿನ ನಾಲ್ಕು ಗಂಟೆಗೆ ಎದ್ದವರು ಅವರು.

ಮನೆಗೆ ಮರಳಿದ ಮರುದಿನ ಯಾವ ಕುದುರೆಗೂ ಜೀನು ಬೇಡ. ಪ್ರತಿಯೊಂದನ್ನೂ ಲಾಯದಿಂದ ಹೊರತಂದು, ಗಟ್ಟಿ ನೆಲದ ಮೇಲೆ ಸಡಿಲ ಹಗ್ಗದಲ್ಲಿ ಟ್ರಾಟ್ ಮಾಡಿಸಿ ನೋಡಿ, ಎರಡು ದಿನ ಬಯಲಿನಲ್ಲಿ ಬಿಟ್ಟು, ಉಷ್ಣಾಂಶವನ್ನು ಮೂರು ದಿನ ಬೆಳಿಗ್ಗೆ ಬರೆಯುತ್ತಾ ಹೋಗಬೇಕು. ಅದೇ ಪುಸ್ತಕದ ಅದೇ ಪುಟದಲ್ಲಿ ಆ ಕುದುರೆ ತಾಣದಲ್ಲಿ ಎಷ್ಟು ನೀರು ಕುಡಿಯಿತು, ಎಷ್ಟು ಜಿಗಿತದ ವಾರ್ಮ್‌ಅಪ್ ಸಾಕಾಯಿತು, 22 ಹೆಜ್ಜೆಯ ಅಂತರವನ್ನು ನಾಲ್ಕರಲ್ಲಿ ದಾಟಿತೋ ಐದರಲ್ಲೋ ಎಂಬುದನ್ನೂ ಅಂದೇ ಬರೆದಿಡಬೇಕು, ಏಕೆಂದರೆ ಒಂದು ವಾರ ಕಳೆದರೆ ನಾಲ್ಕು ಕುದುರೆಗಳ ನೆನಪು ಒಂದರೊಳಗೊಂದು ಬೆರೆತುಹೋಗುತ್ತದೆ.